ಗಣಕದ ವೇಗವೂ ಘಟಪ್ರಭೆಯ ಬಿಸಿಲೂ



ಗೋಕಾಕ ಜಲಪಾತವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಘಟಪ್ರಭಾ ನದಿಯ ನೀರು ಅಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಅಷ್ಟು ರಭಸದಿಂದ ಬಿದ್ದ ನೀರು ಕೆಳಗೆ ಹೋಗಿ ಬಿಸಿಯಾಗುತ್ತದೆಯೆ? ಪ್ರಶ್ನೆ ವಿಚಿತ್ರವೆನಿಸಬಹುದು, ಆದರೆ ಉತ್ತರ ‘ಹೌದು’. ಬೀಳುವ ನೀರಿನ ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ, ಶಾಖವಾಗಿ ಮಾರ್ಪಡುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೂಲ್ 1845ರಷ್ಟು ಹಿಂದೆಯೇ ನಯಾಗರಾ ಜಲಪಾತಕ್ಕೆ ಈ ಲೆಕ್ಕ ಹಾಕಿದ್ದ. ಅದೇ ಲೆಕ್ಕವನ್ನು ನಮ್ಮ ಗೋಕಾಕಿಗೆ ಹಾಕಿದರೆ, ಕೆಳಗಿನ ನೀರು ಮೇಲಿನ ನೀರಿಗಿಂತ ಒಂದು ಡಿಗ್ರಿಯ ಎಂಟನೆಯ ಒಂದು ಭಾಗದಷ್ಟು ಮಾತ್ರ ಹೆಚ್ಚು ಬೆಚ್ಚಗಿರಬೇಕು. ಅಪಾರವಾದ ಶಕ್ತಿ, ಆದರೆ ಅದನ್ನು ಹಂಚಿಕೊಳ್ಳಲು ಅಪಾರವಾದ ನೀರೂ ಇದೆ. ಹಾಗಾಗಿ ಉಷ್ಣತೆ ಏರುವುದೇ ಇಲ್ಲವೆನ್ನುವಷ್ಟು ಕಡಿಮೆ.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ನಿಮ್ಮ ಮನೆಯ ಮೇಜಿನ ಮೇಲೇ ಇದೆ. ಕಂಪ್ಯೂಟರಿನ ಮಿದುಳೆಂದು ಕರೆಸಿಕೊಳ್ಳುವ ಪ್ರೊಸೆಸರ್, ಎಂದರೆ ಸಂಸ್ಕಾರಕ, ಹೊರಸೂಸುವ ಶಾಖ ಹೆಚ್ಚೇನಲ್ಲ. ಹಳೆಯ ಕಾಲದ 60 ವ್ಯಾಟಿನ ಒಂದು ಬಲ್ಬಿನಷ್ಟೇ ಎನ್ನಿ. ಆದರೆ ಉರಿಯುವ ಆ ಬಲ್ಬನ್ನು ಬರಿಗೈಯಲ್ಲಿ ಮುಟ್ಟಲಾಗುತ್ತಿತ್ತೆ? ಬಲ್ಬಿಗೆ ಕೊನೆಯ ಪಕ್ಷ ಮುಷ್ಟಿಯಷ್ಟು ಗಾಜಿನ ಮೈಯಿತ್ತು. ಸಂಸ್ಕಾರಕದಲ್ಲಿ ಅಷ್ಟೇ ಶಾಖ ಹುಟ್ಟುವುದು ಹೆಬ್ಬೆರಳ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ. ಶಾಖ ಎಷ್ಟು ಎಂಬುದು ಒಂದು ಪ್ರಶ್ನೆ. ಅದು ಎಷ್ಟು ಜಾಗದಲ್ಲಿ ಕಿಕ್ಕಿರಿದಿದೆ, ಎಷ್ಟು ಬೇಗ ಹೊರಹೋಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಶಾಖ ಮತ್ತು ಉಷ್ಣತೆ ಬೇರೆ ಬೇರೆ ಎಂದು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದೀರಲ್ಲ, ಆ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ಈ ಮಾತನ್ನು ಇಂದು ಎತ್ತಿಕೊಳ್ಳಲು ಕಾರಣವಿದೆ. ಇದ್ದ ಕಂಪ್ಯೂಟರನ್ನೇ ಇನ್ನಷ್ಟು ವೇಗವಾಗಿ ಓಡಿಸುವ ‘ಓವರ್‌ಕ್ಲಾಕಿಂಗ್’ ಎಂಬ ವಿದ್ಯೆ ಯುವಕರಿಗೆ ಬಹಳ ಆಕರ್ಷಕ. ಹಣ ಕೊಡದೆ ವೇಗ ಸಿಗುತ್ತದೆಂದರೆ ಯಾರಿಗೆ ಬೇಡ? ಆದರೆ ಘಟಪ್ರಭಾ, ಮೂಡಲಗಿ, ಹುಕ್ಕೇರಿಯಂಥ ಊರುಗಳಲ್ಲಿ ಒಂದು ಮನೆಗೆ ಒಂದೇ ಕಂಪ್ಯೂಟರ್ ಇರುತ್ತದೆ. ಕಬ್ಬಿನ ಬಿಲ್ಲು ಕೈಸೇರಿದ ಮೇಲೆ ತಂದೆ ಕೊಡಿಸಿದ್ದು. ಅಣ್ಣನ ಕಾಲೇಜಿನ ಪ್ರಾಜೆಕ್ಟು, ತಂಗಿಯ ಪಾಠ, ಮನೆಯ ಲೆಕ್ಕಪತ್ರ ಎಲ್ಲವೂ ಅದರಲ್ಲೇ. ಅಂಥ ಯಂತ್ರದ ಮೇಲೆ ಪ್ರಯೋಗ ಮಾಡುವ ಮುನ್ನ ಅದರ ಒಳಗೆ ನಡೆಯುವುದೇನು ಎಂದು ತಿಳಿದಿರಬೇಕು. ತಿಳಿದವನಿಗೆ ಇದು ಸೊಗಸಾದ ಪ್ರಯೋಗ, ತಿಳಿಯದವನಿಗೆ ಬರಿಯ ಜೂಜು.

ಸಂಸ್ಕಾರಕ ಒಂದು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ತಾಳದ ಬಡಿತವನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಪಡೆಯುತ್ತಾರೆ: ಒಂದು ಮೂಲ ಬಡಿತ, ಇನ್ನೊಂದು ಗುಣಕ. ಇಂದಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಮೂಲ ಬಡಿತ ಸೆಕೆಂಡಿಗೆ 10 ಕೋಟಿ, ಎಂದರೆ 100 ಮೆಗಾಹರ್ಟ್ಸ್. ಗುಣಕ 36 ಆದರೆ ವೇಗ 3600 ಮೆಗಾಹರ್ಟ್ಸ್, ಅಥವಾ 3.6 ಗಿಗಾಹರ್ಟ್ಸ್. ಗುಣಕವನ್ನು 42ಕ್ಕೆ ಏರಿಸಿದರೆ 4.2 ಗಿಗಾಹರ್ಟ್ಸ್. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಸಂಸ್ಕಾರಕ ಈ ವಿದ್ಯೆಯಿಂದಲೇ ಜಗತ್ತಿನಾದ್ಯಂತ ಹೆಸರು ಮಾಡಿತು. ಅದರ ಗುಣಕ ನಾಲ್ಕೂವರೆ. ಮೂಲ ಬಡಿತವನ್ನು 66ರಿಂದ 100ಕ್ಕೆ ಏರಿಸಿದೊಡನೆ 300 ಮೆಗಾಹರ್ಟ್ಸಿನ ಯಂತ್ರ 450 ಮೆಗಾಹರ್ಟ್ಸಿನಲ್ಲಿ ಓಡತೊಡಗಿತು. ಈಗ ಎಲ್ಲ ಸಂಸ್ಕಾರಕಗಳಲ್ಲಿಯೂ ಇದು ಸಾಧ್ಯವಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಅಕ್ಷರ ಇರುವಂಥವು, ಎಎಂಡಿ ಕಂಪನಿಯ ರೈಜನ್ ಮಾಲಿಕೆಯ ಬಹುಪಾಲು, ಅದೂ ತಕ್ಕ ಮದರ್‌ಬೋರ್ಡ್ ಇದ್ದಾಗ ಮಾತ್ರ.

ತಾಳ ಹೆಚ್ಚಿದರೆ ಶಾಖವೇಕೆ ಹೆಚ್ಚಬೇಕು? ಸಂಸ್ಕಾರಕದಲ್ಲಿ ಕೋಟ್ಯಂತರ ಟ್ರಾನ್ಸಿಸ್ಟರುಗಳಿವೆ. ಪ್ರತಿ ಬಡಿತಕ್ಕೂ ಅವುಗಳಲ್ಲಿ ಅಸಂಖ್ಯಾತ ಪುಟ್ಟ ವಿದ್ಯುತ್ ಕೊಡಗಳು ತುಂಬುತ್ತವೆ, ಬರಿದಾಗುತ್ತವೆ. ಪ್ರತಿ ಸಲ ತುಂಬಿ ಬರಿದಾದಾಗಲೂ ಒಂದಿಷ್ಟು ಶಕ್ತಿ ಶಾಖವಾಗುತ್ತದೆ. ಬಡಿತ ಎಷ್ಟು ಹೆಚ್ಚೋ ಶಾಖವೂ ಅದೇ ಪ್ರಮಾಣದಲ್ಲಿ ಹೆಚ್ಚು. ಆದರೆ ಬಡಿತ ಹೆಚ್ಚಿದಂತೆ ಈ ಕೊಡಗಳು ಬೇಗ ಬೇಗ ತುಂಬಬೇಕಲ್ಲ, ಅದಕ್ಕಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಓವರ್‌ಕ್ಲಾಕಿಂಗಿನ ಕಷ್ಟವೆಲ್ಲ ಈ ‘ವರ್ಗ’ ಎಂಬ ಒಂದು ಪದದಲ್ಲಿದೆ.

ಲೆಕ್ಕ ಮಾಡಿಯೇ ನೋಡೋಣ. ಪೂರ್ಣ ಹೊರೆಯಲ್ಲಿ 65 ವ್ಯಾಟ್ ಶಾಖ ಸೂಸುವ ಒಂದು ಸಂಸ್ಕಾರಕ 3.6 ಗಿಗಾಹರ್ಟ್ಸಿನಲ್ಲಿ, 1.20 ವೋಲ್ಟಿನಲ್ಲಿ ಓಡುತ್ತಿದೆ ಎಂದುಕೊಳ್ಳಿ. ಅದನ್ನು 4.2 ಗಿಗಾಹರ್ಟ್ಸಿಗೂ 1.35 ವೋಲ್ಟಿಗೂ ಏರಿಸಿದಿರಿ. ಬಡಿತ ಹೆಚ್ಚಿದ್ದು 1.17 ಪಟ್ಟು. ವೋಲ್ಟೇಜ್ ಹೆಚ್ಚಿದ್ದು 1.125 ಪಟ್ಟು, ಅದರ ವರ್ಗ ಸುಮಾರು 1.27. ಎರಡನ್ನೂ ಗುಣಿಸಿದರೆ ಸುಮಾರು 1.48. ಎಂದರೆ 65 ವ್ಯಾಟ್ ಇದ್ದದ್ದು 96 ವ್ಯಾಟ್ ಆಯಿತು. ವೇಗದ ಲಾಭ ನೂರಕ್ಕೆ 17, ಶಾಖದ ಹೆಚ್ಚಳ ನೂರಕ್ಕೆ 48.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ನಮ್ಮ ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಸಂಸ್ಕಾರಕವೊಂದು ಇದಕ್ಕೆ ಸಾಕ್ಷಿ ನುಡಿಯುತ್ತದೆ. ಇಂಟೆಲ್ ಕಂಪನಿ 2008ರ ಸೆಪ್ಟೆಂಬರಿನಲ್ಲಿ ‘ಡನಿಂಗ್‌ಟನ್’ ಎಂಬ ಗುಪ್ತನಾಮದ, ಆರು ತಿರುಳುಗಳುಳ್ಳ ಜಿಯಾನ್ 7400 ಸಂಸ್ಕಾರಕವನ್ನು ಹೊರತಂದಿತು. ಅದರಲ್ಲಿ ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳು. ಅದನ್ನು ರೂಪಿಸಿದವರು ಬೆಂಗಳೂರಿನ ಎಂಜಿನಿಯರುಗಳು. ಇದು ಮನೆಯ ಕಂಪ್ಯೂಟರಿನದಲ್ಲ, ದೊಡ್ಡ ಸರ್ವರುಗಳದು. ಆದರೂ ಅದರ ಮೂರು ಮಾದರಿಗಳ ವಿವರ ಗಮನಿಸಿ. ಆರು ತಿರುಳಿನ 2.13 ಗಿಗಾಹರ್ಟ್ಸಿನ ಮಾದರಿಗೆ ಕಂಪನಿ ನಮೂದಿಸಿದ ಶಾಖದ ಮಿತಿ 65 ವ್ಯಾಟ್, 2.4 ಗಿಗಾಹರ್ಟ್ಸಿನದಕ್ಕೆ 90 ವ್ಯಾಟ್; 2.66 ಗಿಗಾಹರ್ಟ್ಸಿನದಕ್ಕೆ 130 ವ್ಯಾಟ್. ಕಡಿಮೆ ವೋಲ್ಟೇಜಿಗೆಂದು ಆರಿಸಿದ ಬಿಲ್ಲೆ ಮುಂತಾದ ವ್ಯತ್ಯಾಸಗಳು ಅವುಗಳ ನಡುವೆ ಇವೆ, ನಿಜ. ಆದರೆ ಒಟ್ಟು ನೋಟ ಸ್ಪಷ್ಟವಾಗಿದೆ: ವೇಗ ಕಾಲು ಪಾಲು ಹೆಚ್ಚುವಷ್ಟರಲ್ಲಿ ಶಾಖ ಇಮ್ಮಡಿಯಾಯಿತು.

ಇದೇ ಕಾರಣಕ್ಕೆ ಜಗತ್ತಿನ ಸಂಸ್ಕಾರಕ ಉದ್ಯಮವೇ ಒಮ್ಮೆ ದಾರಿ ಬದಲಿಸಬೇಕಾಯಿತು. ಪೆಂಟಿಯಂ 4ರ ವೇಗವನ್ನು 4 ಗಿಗಾಹರ್ಟ್ಸಿಗೆ ಒಯ್ಯುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟಿತು. ಒಂದೇ ತಿರುಳನ್ನು ಓಡಿಸಿ ಓಡಿಸಿ ಕಾಯಿಸುವುದಕ್ಕಿಂತ ಹಲವು ತಿರುಳುಗಳನ್ನು ಹದವಾದ ವೇಗದಲ್ಲಿ ದುಡಿಸುವುದು ಜಾಣತನವೆಂದು ಕಂಡುಕೊಂಡರು. ಇಂದು ನಿಮ್ಮ ಫೋನಿನಲ್ಲಿಯೂ ಎಂಟು ತಿರುಳುಗಳಿದ್ದರೆ ಅದರ ಹಿಂದೆ ಶಾಖದ ಈ ಪಾಠವಿದೆ.

ಈಗ ಶಾಖ ಹೊರಹೋಗುವ ದಾರಿಯನ್ನು ನೋಡೋಣ. ಘಟಪ್ರಭೆಯ ಪಕ್ಕದ ಧೂಪದಾಳದ ಒಡ್ಡಿನಿಂದ ಬಿಟ್ಟ ನೀರು ದೊಡ್ಡ ಕಾಲುವೆ, ಸಣ್ಣ ಕಾಲುವೆ, ಹೊಲಗಾಲುವೆಗಳನ್ನು ದಾಟಿ ಬೆಳೆಗೆ ಮುಟ್ಟುತ್ತದೆ. ನಡುವೆ ಒಂದೇ ಒಂದು ಕಡೆ ಹೂಳು ತುಂಬಿದರೂ ಹಿಂದೆ ನೀರು ಮಟ್ಟ ಏರುತ್ತದೆ, ಮುಂದಿನ ಹೊಲ ಒಣಗುತ್ತದೆ. ಶಾಖದ ಕಾಲುವೆಯೂ ಹಾಗೆಯೇ. ಬಿಲ್ಲೆಯಿಂದ ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ತೆಳುವಾದ ಥರ್ಮಲ್ ಪೇಸ್ಟಿಗೆ, ಅಲ್ಲಿಂದ ರೆಕ್ಕೆರೆಕ್ಕೆಯ ಹೀಟ್‌ಸಿಂಕಿಗೆ, ಅಲ್ಲಿಂದ ಪೆಟ್ಟಿಗೆಯೊಳಗಿನ ಗಾಳಿಗೆ, ಕೊನೆಗೆ ಕೋಣೆಯ ಗಾಳಿಗೆ. ಎಲ್ಲಿ ತಡೆಯುಂಟಾದರೂ ಹಿಂದೆ ಉಷ್ಣತೆಯ ಮಟ್ಟ ಏರುತ್ತದೆ.

ಪೇಸ್ಟ್ ಏತಕ್ಕೆ ಬೇಕು? ಎರಡು ಲೋಹಗಳು ಎಷ್ಟೇ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ಗಾಳಿಯ ಸಂದುಗಳಿರುತ್ತವೆ. ತಾಮ್ರವು ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಎಂದರೆ ಆ ತೆಳು ಗಾಳಿಯೇ ದೊಡ್ಡ ಗೋಡೆ. ಪೇಸ್ಟ್ ಆ ಸಂದುಗಳನ್ನು ತುಂಬುತ್ತದೆ. ಬಟಾಣಿ ಕಾಳಿನಷ್ಟು ಸಾಕು. ರೊಟ್ಟಿಗೆ ಬೆಣ್ಣೆ ಸವರಿದಂತೆ ದಪ್ಪವಾಗಿ ಹಚ್ಚಿದರೆ ಪೇಸ್ಟೇ ತಡೆಯಾದೀತು. ಹಲವು ವರ್ಷಗಳ ನಂತರ ಅದು ಒಣಗುವುದರಿಂದ, ಹಳೆಯ ಯಂತ್ರ ವಿನಾಕಾರಣ ಕಾಯುತ್ತಿದ್ದರೆ ಮೊದಲು ಅದನ್ನು ಒರೆಸಿ ಹೊಸದು ಹಚ್ಚಬೇಕು.

ಕಾಲುವೆಯ ಕೊನೆಯಲ್ಲಿರುವುದು ಕೋಣೆಯ ಗಾಳಿ. ನಮ್ಮ ವಿಷಯದ ಮುಖ್ಯ ಅಂಶ ಇಲ್ಲಿದೆ. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ಹೊರಗಿನ ಗಾಳಿಗಿಂತ ತಣ್ಣಗಿರುತ್ತದೆ. ಫ್ಯಾನಿನ ಕೆಳಗೆ ಕುಳಿತರೆ ಮೈ ತಂಪಾಗುತ್ತದೆ. ಇವೆರಡಕ್ಕೂ ಕಾರಣ ನೀರಿನ ಆವಿ: ಹರವಿಯ ಮೈಯಿಂದ ಒಸರುವ ನೀರೂ ನಮ್ಮ ಬೆವರೂ ಆವಿಯಾಗುತ್ತ ಶಾಖವನ್ನು ಒಯ್ಯುತ್ತವೆ. ಆದರೆ ಒಣಗಿದ ಉಷ್ಣತಾಮಾಪಕವನ್ನು ಫ್ಯಾನಿನ ಎದುರು ಹಿಡಿದು ನೋಡಿ, ಪಾದರಸ ಇಳಿಯುವುದಿಲ್ಲ. ಸಂಸ್ಕಾರಕಕ್ಕೂ ಬೆವರಿಲ್ಲ! ಅದರ ಫ್ಯಾನು ಎಷ್ಟೇ ಬಲವಾಗಿ ತಿರುಗಿದರೂ ಕೋಣೆಯ ಉಷ್ಣತೆಗಿಂತ ಕೆಳಗೆ ಅದನ್ನು ಇಳಿಸಲಾರದು. ಕೊಳವೆಯಲ್ಲಿ ನೀರು ಹರಿಸುವ ದುಬಾರಿ ತಂಪುಕಾರಕವೂ ಇದಕ್ಕೆ ಹೊರತಲ್ಲ, ಏಕೆಂದರೆ ಆ ನೀರೂ ಕೊನೆಗೆ ಶಾಖವನ್ನು ಅದೇ ಕೋಣೆಯ ಗಾಳಿಗೇ ಬಿಡಬೇಕು.

ಆದ್ದರಿಂದ ಸಂಸ್ಕಾರಕದ ಉಷ್ಣತೆಯನ್ನು ಎರಡು ಭಾಗವಾಗಿ ನೋಡಬೇಕು: ಗಾಳಿಯ ಉಷ್ಣತೆ ಮತ್ತು ಅದರ ಮೇಲಿನ ಏರಿಕೆ. ನಿಮ್ಮ ಹೀಟ್‌ಸಿಂಕ್ ಒಂದು ವ್ಯಾಟಿಗೆ ಅರ್ಧ ಡಿಗ್ರಿ ಏರಿಕೆಯಾಗುವಂಥದು ಎನ್ನೋಣ. ಆಗ 65 ವ್ಯಾಟಿಗೆ ಏರಿಕೆ ಸುಮಾರು 33 ಡಿಗ್ರಿ, 96 ವ್ಯಾಟಿಗೆ 48 ಡಿಗ್ರಿ. ಪೆಟ್ಟಿಗೆಯೊಳಗಿನ ಗಾಳಿ ಕೋಣೆಗಿಂತ 6 ಡಿಗ್ರಿ ಹೆಚ್ಚೆನ್ನೋಣ. ಟೆಲಿವಿಷನ್ ಕೇಂದ್ರಗಳಲ್ಲಿ ಯಂತ್ರಗಳಿಗಾಗಿಯೇ ತಂಪುಗೊಳಿಸಿದ ಕೋಣೆಗಳಿರುತ್ತವೆ. ಅಂಥ 24 ಡಿಗ್ರಿಯ ಕೋಣೆಯಲ್ಲಿ ಓವರ್‌ಕ್ಲಾಕ್ ಮಾಡಿದ ಸಂಸ್ಕಾರಕ 78 ಡಿಗ್ರಿಯಲ್ಲಿ ನಿಲ್ಲುತ್ತದೆ, ಚಿಂತೆಯಿಲ್ಲ. ಅದೇ ಯಂತ್ರ, ಅದೇ ಹೊಂದಾಣಿಕೆ, ಘಟಪ್ರಭೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಪತ್ರಾಸಿನ ಮಾಡಿನ ಕೆಳಗೆ ಕೋಣೆ 38 ಡಿಗ್ರಿ ಇರುವಾಗ? 92 ಡಿಗ್ರಿ! ಬೇರೆ ಊರಿನವರು, ಬೇರೆ ದೇಶದವರು ಹೇಳಿದ ಅಂಕಿಗಳನ್ನು ಕಣ್ಣುಮುಚ್ಚಿ ನಕಲು ಮಾಡಬಾರದು ಎನ್ನುವುದು ಇದಕ್ಕೇ. ಅವರ ಅಂಕಿಯಲ್ಲಿ ಅವರ ಊರಿನ ಹವೆಯೂ ಸೇರಿರುತ್ತದೆ.

ಮಿತಿ ಮೀರಿದರೆ ಏನಾಗುತ್ತದೆ? 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪರೀಕ್ಷಕ ತಂಡ ಓಡುತ್ತಿರುವ ಸಂಸ್ಕಾರಕಗಳ ಮೇಲಿನ ಹೀಟ್‌ಸಿಂಕನ್ನೇ ಕಿತ್ತು ಚಿತ್ರೀಕರಿಸಿತು. ಆ ಕಾಲದ ಅಥ್ಲಾನ್ ಕೆಲವೇ ಕ್ಷಣಗಳಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಪೆಂಟಿಯಂ 4 ಮಾತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಬದುಕಿತು. ಇಂದಿನ ಎಲ್ಲ ಸಂಸ್ಕಾರಕಗಳಿಗೂ ಈ ಆತ್ಮರಕ್ಷಣೆಯ ಗುಣವಿದೆ. ಮಾದರಿಗೆ ತಕ್ಕಂತೆ ಸುಮಾರು 90ರಿಂದ 105 ಡಿಗ್ರಿಯ ನಡುವೆ ಅವು ತಾವಾಗಿಯೇ ನಿಧಾನವಾಗುತ್ತವೆ. ಇದರಲ್ಲೊಂದು ವಿನೋದವಿದೆ: ವೇಗಕ್ಕಾಗಿ ಓವರ್‌ಕ್ಲಾಕ್ ಮಾಡಿದ ಯಂತ್ರ ಕಾದು ಕಾದು, ಮೊದಲಿಗಿಂತ ನಿಧಾನವಾಗಿ ಓಡಿದರೂ ಓಡಬಹುದು!

ಹಾಗಾದರೆ ಭಯವೇ ಇಲ್ಲವೆ? ಇದೆ. ಒಂದು, ಸುಟ್ಟುಹೋಗದ ಸಂಸ್ಕಾರಕವೂ ಲೆಕ್ಕ ತಪ್ಪಬಹುದು. ಯಂತ್ರ ನಿಂತುಹೋದರೆ ಗೊತ್ತಾಗುತ್ತದೆ. ಸದ್ದಿಲ್ಲದೆ ಒಂದು ಅಂಕಿ ತಪ್ಪಾಗಿ ಕಡತ ಕೆಟ್ಟರೆ ವಾರಗಳ ನಂತರ ಗೊತ್ತಾಗುತ್ತದೆ. ಎರಡು, ಹೆಚ್ಚಿನ ವೋಲ್ಟೇಜ್ ಮತ್ತು ಉಷ್ಣತೆ ಎರಡೂ ಸೇರಿ ಬಿಲ್ಲೆಯನ್ನು ಒಳಗೊಳಗೇ ಸವೆಸುತ್ತವೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಸಂಸ್ಕಾರಕಗಳು ಹೆಚ್ಚಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದುದನ್ನು ಆ ಕಂಪನಿಯೇ 2024ರಲ್ಲಿ ಒಪ್ಪಿ, ಸರಿಪಡಿಸುವ ತಂತ್ರಾಂಶ ಬಿಡುಗಡೆ ಮಾಡಿ, ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿತು. ತಜ್ಞರೇ ತುಂಬಿರುವ ಕಂಪನಿಗೂ ವೋಲ್ಟೇಜಿನ ವಿಷಯದಲ್ಲಿ ಹೀಗಾದರೆ, ನಾವು ಎಷ್ಟು ಜಾಗರೂಕರಾಗಿರಬೇಕು!

ಪ್ರಯೋಗ ಮಾಡಲೇಬೇಕೆಂಬ ಉತ್ಸಾಹಿಗಳಿಗೆ ಕ್ರಮವನ್ನು ಹೇಳುತ್ತೇನೆ. ಲ್ಯಾಪ್‌ಟಾಪಿನ ಗೊಡವೆ ಬೇಡ. ಅದರೊಳಗೆ ಗಾಳಿಗೆ ಜಾಗವೇ ಇಲ್ಲ. ಮನೆಯವರ ಒಪ್ಪಿಗೆ ಪಡೆಯಿರಿ. ಮುಖ್ಯ ಕಡತಗಳನ್ನೆಲ್ಲ ಬೇರೊಂದು ಕಡೆ ಪ್ರತಿ ಮಾಡಿಡಿ. ಖಾತರಿಯ ನಿಬಂಧನೆಗಳನ್ನು ಓದಿಕೊಳ್ಳಿ.

ಮೊದಲ ವಾರ ವೇಗವನ್ನು ಮುಟ್ಟಲೇಬೇಡಿ, ಅಳೆಯುವುದಷ್ಟೇ ಕೆಲಸ. ಕೋಣೆಯಲ್ಲಿ ಒಂದು ಉಷ್ಣತಾಮಾಪಕ ತೂಗುಹಾಕಿ. ಸಂಸ್ಕಾರಕದ ಉಷ್ಣತೆಯನ್ನು ತೋರಿಸುವ ಕೋರ್ ಟೆಂಪ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಪ್ರೈಮ್95 ಎಂಬ ತಂತ್ರಾಂಶ ಉತ್ತರ ಮೊದಲೇ ಗೊತ್ತಿರುವ ಭಾರಿ ಲೆಕ್ಕಗಳನ್ನು ಸಂಸ್ಕಾರಕಕ್ಕೆ ಕೊಟ್ಟು, ಉತ್ತರವನ್ನು ತಾಳೆ ನೋಡುತ್ತದೆ. ಅದನ್ನು ಅರ್ಧ ಗಂಟೆ ಓಡಿಸಿ, ದಿನಾಂಕ, ವೇಳೆ, ಕೋಣೆಯ ಉಷ್ಣತೆ, ಸಂಸ್ಕಾರಕದ ಉಷ್ಣತೆ, ಎರಡರ ವ್ಯತ್ಯಾಸ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಈ ವ್ಯತ್ಯಾಸವೇ ನಿಮ್ಮ ಕೀಲಿಕೈ. ಡಿಸೆಂಬರಿನ ರಾತ್ರಿ ಕೋಣೆ 20, ಸಂಸ್ಕಾರಕ 72 ಇದ್ದರೆ ವ್ಯತ್ಯಾಸ 52. ಮೇ ತಿಂಗಳ 38 ಡಿಗ್ರಿಗೆ ಅದನ್ನು ಕೂಡಿಸಿ: 90. ಬಿಸಿ ಹೆಚ್ಚಿದಂತೆ ಬಿಲ್ಲೆಯಲ್ಲಿ ಸೋರುವ ವಿದ್ಯುತ್ತೂ ಹೆಚ್ಚುವುದರಿಂದ ನಿಜವಾದ ಅಂಕಿ ಇನ್ನೂ ತುಸು ಮೇಲಿರಬಹುದು. ಚಳಿಗಾಲದಲ್ಲಿ ಪಾಸಾದ ಯಂತ್ರ ಬೇಸಿಗೆಯಲ್ಲಿ ಪಾಸಾಗಬೇಕೆಂದಿಲ್ಲ.

ಎರಡನೆಯ ವಾರ ಕಾಲುವೆಯ ಹೂಳೆತ್ತಿ. ಕಂಪ್ಯೂಟರ್ ಆರಿಸಿ, ಪ್ಲಗ್ಗನ್ನೂ ಕಿತ್ತು, ಮೃದುವಾದ ಕುಂಚದಿಂದ ರೆಕ್ಕೆಗಳ ನಡುವಿನ ಧೂಳು ತೆಗೆಯಿರಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು ಎಷ್ಟೆಂಬುದು ನಿಮಗೇ ಗೊತ್ತು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಪೆಟ್ಟಿಗೆಯ ಮುಂದಿನಿಂದ ಗಾಳಿ ಒಳಬಂದು ಹಿಂದಿನಿಂದ ಹೊರಹೋಗಲಿ. ಗೋಡೆಗೆ ಒತ್ತಿ ಇಡಬೇಡಿ, ಓಡುವಾಗ ಬಟ್ಟೆ ಹೊದಿಸಬೇಡಿ. ನೀರಿನ ಕೂಲರಿನ ತೇವಗಾಳಿಯನ್ನು ನೇರವಾಗಿ ಅದರ ಮೇಲೆ ಬಿಡಬೇಡಿ. ಮತ್ತೆ ಅಳೆಯಿರಿ. ವ್ಯತ್ಯಾಸ ಕೆಲವು ಡಿಗ್ರಿ ಇಳಿದಿದ್ದರೆ, ಅದು ಖರ್ಚಿಲ್ಲದೆ ಬಂದ ಲಾಭ.

ಅನಂತರವೇ ವೇಗ. ಒಂದು ಸಲಕ್ಕೆ 100 ಮೆಗಾಹರ್ಟ್ಸ್ ಮಾತ್ರ ಏರಿಸಿ, ವೋಲ್ಟೇಜನ್ನು ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ಎಲ್ಲ ಪ್ರಯೋಗಾಲಯಗಳ ನಿಯಮ. ಪ್ರತಿ ಹಂತದಲ್ಲೂ ಪರೀಕ್ಷೆ, ಪ್ರತಿ ಹಂತದಲ್ಲೂ ಬರಹ. ಲೆಕ್ಕ ತಪ್ಪಿದರೆ, ಇಲ್ಲವೆ ಮೇ ತಿಂಗಳಿಗೆ ಲೆಕ್ಕಹಾಕಿದ ಉಷ್ಣತೆ 85 ಡಿಗ್ರಿ ದಾಟಿದರೆ, ಒಂದು ಹೆಜ್ಜೆ ಹಿಂದೆ ಬಂದು ಅಲ್ಲಿಯೇ ನಿಲ್ಲಿ. ಯಂತ್ರ ಚಾಲೂ ಆಗದಿದ್ದರೆ ಗಾಬರಿ ಬೇಡ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಮೂಲ ಹೊಂದಾಣಿಕೆಗೆ ಮರಳುವ ವಿಧಾನವಿರುತ್ತದೆ.

ಇನ್ನೊಂದು ದಾರಿಯೂ ಉಂಟು. ನಮ್ಮ ಬಿಸಿಲುನಾಡಿಗೆ ಅದೇ ಹೆಚ್ಚು ಸೂಕ್ತವೆಂಬುದು ನನ್ನ ಅಭಿಪ್ರಾಯ. ರೈತರ ಪಂಪಿನ ಮೋಟಾರಿಗೆ ವೋಲ್ಟೇಜ್ ಕಡಿಮೆಯಾದರೆ ಅದು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಸಂಸ್ಕಾರಕದ ಸ್ವಭಾವ ಇದಕ್ಕೆ ತದ್ವಿರುದ್ಧ. ವೋಲ್ಟೇಜ್ ಇಳಿಸಿದರೆ ಅದು ತಣ್ಣಗಾಗುತ್ತದೆ. ಎಲ್ಲ ಬಿಲ್ಲೆಗಳಿಗೂ ಸರಿಹೋಗಲೆಂದು ತಯಾರಕರು ವೋಲ್ಟೇಜನ್ನು ತುಸು ಹೆಚ್ಚೇ ಇಟ್ಟಿರುತ್ತಾರೆ. ವೇಗವನ್ನು 3.6ರಲ್ಲೇ ಬಿಟ್ಟು ವೋಲ್ಟೇಜನ್ನು 1.20ರಿಂದ 1.10ಕ್ಕೆ ಇಳಿಸಲು ನಿಮ್ಮ ಬಿಲ್ಲೆ ಒಪ್ಪಿದರೆ, 65 ವ್ಯಾಟ್ ಇದ್ದದ್ದು ಸುಮಾರು 55 ಆಗುತ್ತದೆ. ಮೇ ತಿಂಗಳಲ್ಲಿ ಐದು ಡಿಗ್ರಿ ಕಡಿಮೆ. ಇಂದಿನ ಸಂಸ್ಕಾರಕಗಳು ಉಷ್ಣತೆಗೆ ಅವಕಾಶವಿದ್ದಾಗ ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆ. ಆದ್ದರಿಂದ ತಂಪಾದ ಯಂತ್ರವೇ ಅನೇಕ ಸಲ ವೇಗದ ಯಂತ್ರವೂ ಆಗುತ್ತದೆ. ಇಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಪ್ರತಿ ಸಲ ಲೆಕ್ಕದ ಪರೀಕ್ಷೆ ಮಾಡಬೇಕು. ಅತಿಯಾಗಿ ಇಳಿಸಿದರೂ ಉತ್ತರಗಳು ತಪ್ಪುತ್ತವೆ.

ಕಂಪ್ಯೂಟರ್ ಇಲ್ಲದವರೂ ಈ ಪಾಠದಿಂದ ಹೊರಗುಳಿಯಬೇಕಾಗಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಎರಡು ಸಮನಾದ ಲೋಟಗಳಿಗೆ ಒಂದೇ ಪ್ರಮಾಣದ ಬಿಸಿನೀರು ಹಾಕಿ ಮುಚ್ಚಿ. ಒಂದನ್ನು ನೆರಳಿನ ಕೋಣೆಯಲ್ಲೂ ಇನ್ನೊಂದನ್ನು ಬಿಸಿಲಿಗೆ ಕಾದ ಮಾಡಿನ ಕೆಳಗೂ ಇಟ್ಟು, ಐದೈದು ನಿಮಿಷಕ್ಕೊಮ್ಮೆ ಉಷ್ಣತೆ ಅಳೆದು ನಕ್ಷೆ ಬರೆಯಿರಿ. ಎರಡೂ ಗೆರೆಗಳು ಎಲ್ಲಿಗೆ ಬಂದು ನಿಲ್ಲುತ್ತವೆ, ಏಕೆ ಅಲ್ಲಿಗೇ ನಿಲ್ಲುತ್ತವೆ ಎಂಬುದನ್ನು ನಿಮ್ಮ ವಿಜ್ಞಾನ ಶಿಕ್ಷಕರೊಡನೆ ಚರ್ಚಿಸಿ.